ಕಾನೂನಿನಿಂದ ಬಿಟ್ಟುಹೋದ ಒಂದು ಸಾಲು

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸಿಮೆಟರಿ ಎಂಬ ಹಳೆಯ ಸ್ಮಶಾನದಲ್ಲಿ ಕಪ್ಪು ಗ್ರಾನೈಟಿನ ಸಮಾಧಿ ಕಲ್ಲೊಂದಿದೆ. ಅದರ ಮೇಲೆ ಸತ್ತವರ ಹೆಸರಿಲ್ಲ. ವಿಯೆಟ್ನಾಂ ಯುದ್ಧದ ಒಬ್ಬ ಸಲಿಂಗಕಾಮಿ ಯೋಧ ಎಂದಷ್ಟೇ ಇದೆ. ಕೆಳಗೆ ಕೆತ್ತಿರುವ ಬರಹದ ತಾತ್ಪರ್ಯ ಹೀಗೆ: ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಸೈನ್ಯ ಪದಕ ಕೊಟ್ಟಿತು, ಒಬ್ಬ ಗಂಡಸನ್ನು ಪ್ರೀತಿಸಿದ್ದಕ್ಕೆ ಮನೆಗೆ ಕಳಿಸಿತು.

ಈ ಕಲ್ಲಿನ ಕೆಳಗೆ ಮಲಗಿರುವವರು ಲಿಯೊನಾರ್ಡ್ ಮ್ಯಾಟ್ಲೊವಿಚ್. ವಾಯುಪಡೆಯ ಸಾರ್ಜೆಂಟ್ ಆಗಿದ್ದವರು. ಮೂರು ಅವಧಿ ವಿಯೆಟ್ನಾಮಿನಲ್ಲಿದ್ದು ನೆಲಬಾಂಬು ಸಿಡಿದು ಗಾಯಗೊಂಡವರು. ಬ್ರಾಂಜ್ ಸ್ಟಾರ್, ಪರ್ಪಲ್ ಹಾರ್ಟ್ ಪದಕಗಳನ್ನು ಪಡೆದವರು. 1975ರ ಮಾರ್ಚ್ ತಿಂಗಳಿನಲ್ಲಿ ಅವರು ತಮ್ಮ ಮೇಲಧಿಕಾರಿಯ ಕೈಗೆ ಒಂದು ಪತ್ರ ಕೊಟ್ಟರು. ತಾವು ಸಲಿಂಗಕಾಮಿ, ಆದರೂ ಸೈನ್ಯದಲ್ಲಿ ಮುಂದುವರಿಯಲು ಯೋಗ್ಯರು ಎಂಬುದು ಅದರ ಸಾರಾಂಶ. ಇದರ ಅರ್ಥವೇನು ಎಂದು ಅಧಿಕಾರಿ ಕೇಳಿದಾಗ ಮ್ಯಾಟ್ಲೊವಿಚ್ ಒಂದು ಮೊಕದ್ದಮೆಯ ಹೆಸರು ಹೇಳಿದರಂತೆ. ಅದು ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಕೂಡದೆಂದು ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪಿತ್ತ ಮೊಕದ್ದಮೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಅವರ ಭಾವಚಿತ್ರ 'ಟೈಮ್' ವಾರಪತ್ರಿಕೆಯ ಮುಖಪುಟಕ್ಕೆ ಬಂತು. ಅಕ್ಟೋಬರಿನಲ್ಲಿ ಅವರ ನೌಕರಿ ಹೋಯಿತು.

ಮ್ಯಾಟ್ಲೊವಿಚ್ 1988ರಲ್ಲಿ ತೀರಿಕೊಂಡರು. ಅವರೆತ್ತಿದ ಪ್ರಶ್ನೆ ಮಾತ್ರ ಇನ್ನೂ ತೀರಿಲ್ಲ. ಸೈನ್ಯದ ಸೇವೆಯಲ್ಲಿ ತಾರತಮ್ಯ ಮಾಡಕೂಡದು ಎಂಬ ಒಂದು ಸಾಲನ್ನು ಕಾನೂನಿಗೆ ಸೇರಿಸಬೇಕೆಂಬ ಮಸೂದೆ ಅಮೆರಿಕದ ಸಂಸತ್ತಿನ ಮುಂದೆ ಮತ್ತೆ ಮತ್ತೆ ಬಂದಿದೆ. ಒಮ್ಮೆಯಂತೂ ಹೊಸ್ತಿಲವರೆಗೂ ಬಂದಿತ್ತು. ಕೊನೆಗಳಿಗೆಯಲ್ಲಿ ಮಸೂದೆಯ ಉಳಿದ ಭಾಗ ಒಳಗೆ ಹೋಯಿತು, ಆ ಸಾಲು ಹೊರಗೇ ಉಳಿಯಿತು. ಒಂದು ಸಾಲು ಬಿಟ್ಟುಹೋದರೆ ಏನು ಮಹಾ ನಷ್ಟ ಎನ್ನುವವರು ಮುಂದಿನ ಕಥೆಯನ್ನು ಕೇಳಬೇಕು.

ಬಣ್ಣದಿಂದ ಶುರು

ಅಮೆರಿಕದ ಸೈನ್ಯದಲ್ಲಿ ತಾರತಮ್ಯದ ವಿರುದ್ಧ ಮೊದಲ ದೊಡ್ಡ ಹೆಜ್ಜೆ ಬಿದ್ದದ್ದು ಚರ್ಮದ ಬಣ್ಣದ ವಿಷಯದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಜನಾಂಗದ್ವೇಷದ ವಿರುದ್ಧ ಹೋರಾಡಿದ ಅದೇ ಸೈನ್ಯದಲ್ಲಿ ಕರಿಯರಿಗೆ ಬೇರೆ ತುಕಡಿ, ಬೇರೆ ಊಟದ ಮನೆ. ಅಧ್ಯಕ್ಷ ಹ್ಯಾರಿ ಟ್ರೂಮನ್ 1948ರ ಜುಲೈ 26ರಂದು 9981ನೇ ಸಂಖ್ಯೆಯ ಆಜ್ಞೆ ಹೊರಡಿಸಿದರು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಯಾವುದೇ ಇರಲಿ, ಸೈನ್ಯದಲ್ಲಿ ಎಲ್ಲರಿಗೂ ಸಮಾನ ನಡವಳಿಕೆ, ಸಮಾನ ಅವಕಾಶ ಎಂದು ಅದು ಸಾರಿತು.

ಟ್ರೂಮನ್ ಸಂಸತ್ತಿಗೆ ಹೋಗದೆ ಆಜ್ಞೆಯ ದಾರಿ ಹಿಡಿದದ್ದಕ್ಕೆ ಕಾರಣವಿತ್ತು. ದಕ್ಷಿಣದ ರಾಜ್ಯಗಳ ಸೆನೆಟರುಗಳು ಅಂಥ ಮಸೂದೆಯನ್ನು ಪಾಸಾಗಲು ಬಿಡುತ್ತಿರಲಿಲ್ಲ. ಆಜ್ಞೆ ಬಂದ ಮೇಲೂ ದಂಡನಾಯಕರು ಮೀನಮೇಷ ಎಣಿಸಿದರು. ಬಿಳಿಯರು ಕರಿಯರ ಪಕ್ಕದಲ್ಲಿ ಮಲಗುವುದಿಲ್ಲ, ತುಕಡಿಯ ಒಗ್ಗಟ್ಟು ಒಡೆಯುತ್ತದೆ ಎಂಬುದು ಅವರ ವಾದ. ಕೊರಿಯಾ ಯುದ್ಧದಲ್ಲಿ ಸೈನಿಕರ ಕೊರತೆ ಬಿದ್ದಾಗ ಕರಿಯರನ್ನೂ ಬಿಳಿಯರನ್ನೂ ಬೆರೆಸಲೇಬೇಕಾಯಿತು. ಒಗ್ಗಟ್ಟು ಒಡೆಯಲಿಲ್ಲ. ಕರಿಯರಷ್ಟೇ ಇದ್ದ ಕೊನೆಯ ತುಕಡಿ 1954ರಲ್ಲಿ ಇಲ್ಲವಾಯಿತು.

ಆ ಆಜ್ಞೆಯನ್ನು ಮುಂದೆ ಯಾವ ಅಧ್ಯಕ್ಷರೂ ಹಿಂತೆಗೆದುಕೊಳ್ಳಲಿಲ್ಲ. ಹಾಗಾಗಿ ಆಜ್ಞೆಯೇ ಸಾಕು, ಕಾನೂನು ಯಾಕೆ ಎಂದು ಕೇಳುವವರಿಗೆ ಇದೊಂದು ಉದಾಹರಣೆ. ಎಲ್ಲ ಆಜ್ಞೆಗಳ ಹಣೆಬರಹವೂ ಅಷ್ಟು ಚೆನ್ನಾಗಿರುವುದಿಲ್ಲ ಎಂಬುದಕ್ಕೆ ಉದಾಹರಣೆ ಮುಂದೆ ಬರುತ್ತದೆ.

ಹಾವೂ ಸಾಯದ, ಕೋಲೂ ಮುರಿಯದ ಕಾನೂನು

ಸಲಿಂಗಕಾಮಿಗಳ ಮೇಲಿನ ನಿಷೇಧ ಬಹಳ ಹಳೆಯದು. ವಾಷಿಂಗ್ಟನ್ನರ ಕಾಲದಲ್ಲೇ, 1778ರಲ್ಲಿ, ಒಬ್ಬ ಲೆಫ್ಟಿನೆಂಟನನ್ನು ಈ ಕಾರಣಕ್ಕೆ ಸೈನ್ಯದಿಂದ ಹೊರಗೆ ಹಾಕಿದ ದಾಖಲೆ ಇದೆ. 1980ರ ದಶಕದ ಆರಂಭದಲ್ಲಿ ರಕ್ಷಣಾ ಇಲಾಖೆ 'ಸಲಿಂಗಕಾಮಕ್ಕೂ ಸೈನ್ಯದ ಸೇವೆಗೂ ಹೊಂದದು' ಎಂಬರ್ಥದ ನಿಯಮವನ್ನೇ ಬರೆದಿಟ್ಟಿತು. ಆ ದಶಕದಲ್ಲಿ ಸುಮಾರು 17,000 ಮಂದಿಯನ್ನು ಮನೆಗೆ ಕಳಿಸಲಾಯಿತು ಎಂದು ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 1992ರಲ್ಲಿ ವರದಿ ಮಾಡಿತು.

ಅದೇ ವರ್ಷ ಚುನಾವಣೆಗೆ ನಿಂತ ಬಿಲ್ ಕ್ಲಿಂಟನ್ ಈ ನಿಷೇಧವನ್ನು ತೆಗೆಯುವುದಾಗಿ ಮಾತು ಕೊಟ್ಟರು. ಗೆದ್ದು ಬಂದಾಗ ಸೈನ್ಯದ ಮುಖ್ಯಸ್ಥರು ಅಡ್ಡ ನಿಂತರು. ಸಂಸತ್ತಿನಲ್ಲಿ ಅವರದೇ ಪಕ್ಷದ ಸೆನೆಟರ್ ಸ್ಯಾಮ್ ನನ್ ಒಪ್ಪಲಿಲ್ಲ. ಕಡೆಗೆ 1993ರಲ್ಲಿ ಹಾವೂ ಸಾಯದ, ಕೋಲೂ ಮುರಿಯದ ಕಾನೂನೊಂದು ಬಂತು. ಅದರ ಅಡ್ಡಹೆಸರು 'ಕೇಳಬೇಡ, ಹೇಳಬೇಡ'. ಭರ್ತಿಯಾಗುವವರನ್ನು ನೀವು ಸಲಿಂಗಕಾಮಿಯೇ ಎಂದು ಕೇಳುವಂತಿಲ್ಲ. ಸೈನಿಕರೂ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ, ಅಥವಾ ಗೊತ್ತಾದರೆ, ವಜಾ.

ಕಾಗದದ ಮೇಲೆ ಇದು ಸಂಧಾನದಂತೆ ಕಾಣುತ್ತದೆ. ದಿನನಿತ್ಯದ ಬದುಕಿನಲ್ಲಿ ಇದರ ಅರ್ಥವೇ ಬೇರೆ. ಒಬ್ಬ ಸಿಪಾಯಿ ಹೆಂಡತಿಯ ಫೋಟೋವನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಬಹುದು, ಇನ್ನೊಬ್ಬ ತನ್ನ ಸಂಗಾತಿಯ ಫೋಟೋವನ್ನು ಬಚ್ಚಿಡಬೇಕು. ಭಾನುವಾರ ಎಲ್ಲಿಗೆ ಹೋಗಿದ್ದೆ ಎಂದು ಯಾರಾದರೂ ಸಹಜವಾಗಿ ಕೇಳಿದರೆ ಸುಳ್ಳು ಹೇಳಬೇಕು. ರಣರಂಗದಲ್ಲಿ ಸತ್ತರೆ ಸುದ್ದಿ ತಲುಪಬೇಕಾದವರ ಹೆಸರಿನ ಕಡೆ ಆ ಸಂಗಾತಿ ಯಾರೆಂದು ನಿಜ ಬರೆಯುವಂತಿಲ್ಲ. ಸುಳ್ಳು ಹೇಳಬಾರದೆಂದು ಕಲಿಸುವ ಸೈನ್ಯವೇ ಸುಳ್ಳನ್ನು ನೌಕರಿಯ ಷರತ್ತು ಮಾಡಿತ್ತು.

ಗುಟ್ಟು ರಟ್ಟಾಗಿ ನೌಕರಿ ಕಳೆದುಕೊಂಡವರಿಗೆ ಬಿಡುಗಡೆ ಪತ್ರದಲ್ಲಿ ಕಾರಣವನ್ನೂ ಬರೆದುಕೊಡಲಾಗುತ್ತಿತ್ತು. ಮುಂದೆ ಎಲ್ಲಿ ಕೆಲಸ ಕೇಳಿದರೂ ಆ ಕಾಗದ ಮಾತಾಡುತ್ತಿತ್ತು. ಇತರರಿಗೆ ಸಿಗುವ ಬಿಡುಗಡೆ ಹಣದಲ್ಲಿ ಇವರಿಗೆ ಅರ್ಧ ಮಾತ್ರ. ಕಾನೂನು ಜಾರಿಯಲ್ಲಿದ್ದಷ್ಟು ಕಾಲದಲ್ಲಿ ಹೀಗೆ ಹೊರಬಿದ್ದವರು 13,000ಕ್ಕೂ ಹೆಚ್ಚು.

ಪರೀಕ್ಷೆಗೆ ನಿಲ್ಲದ ಊಹೆ

ನಿಷೇಧದ ಪರ ಇದ್ದವರ ಮುಖ್ಯ ವಾದ ಒಂದೇ: ತುಕಡಿಯ ಒಗ್ಗಟ್ಟು ಕೆಡುತ್ತದೆ. ಯುದ್ಧದಲ್ಲಿ ಒಬ್ಬರ ಪ್ರಾಣ ಪಕ್ಕದವರ ಕೈಯಲ್ಲಿರುವುದರಿಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದು ಪರೀಕ್ಷಿಸಿ ನೋಡಬಹುದಾದ ಊಹೆ. ಪರೀಕ್ಷೆ ನಡೆದದ್ದೂ ಉಂಟು.

ನೌಕಾಪಡೆಯೇ 1957ರಲ್ಲಿ ಒಂದು ಸಮಿತಿಯನ್ನು ಕೂರಿಸಿತ್ತು. ಕ್ರಿಟೆಂಡೆನ್ ವರದಿ ಎಂದು ಹೆಸರಾದ ಅದು, ಸಲಿಂಗಕಾಮಿಗಳಿಂದ ದೇಶದ ಭದ್ರತೆಗೆ ಉಳಿದವರಿಗಿಂತ ಹೆಚ್ಚು ಅಪಾಯವಿದೆ ಎನ್ನಲು ಆಧಾರವಿಲ್ಲ ಎಂದಿತು. ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು, ಹೊರಬಂದದ್ದು 1976ರಲ್ಲಿ. ರಕ್ಷಣಾ ಇಲಾಖೆಯ ಕೋರಿಕೆಯ ಮೇರೆಗೆ 1993ರಲ್ಲಿ ರ್‍ಯಾಂಡ್ ಸಂಸ್ಥೆ ಇನ್ನೊಂದು ಅಧ್ಯಯನ ನಡೆಸಿ, ಸರಿಯಾಗಿ ಜಾರಿಗೆ ತಂದರೆ ನಿಷೇಧವನ್ನು ತೆಗೆಯಬಹುದು ಎಂದಿತು. ಅದನ್ನೂ ಬದಿಗಿಟ್ಟರು.

ಹೊರದೇಶಗಳ ಅನುಭವವೂ ಕಣ್ಣೆದುರಿಗಿತ್ತು. ನೆದರ್ಲೆಂಡ್ಸ್ 1974ರಲ್ಲೇ ನಿಷೇಧ ತೆಗೆದಿತ್ತು. ಕೆನಡಾ ಮತ್ತು ಆಸ್ಟ್ರೇಲಿಯಾ 1992ರಲ್ಲಿ ತೆಗೆದವು. ಸದಾ ಯುದ್ಧದ ಬಾಗಿಲಲ್ಲೇ ಇರುವ ಇಸ್ರೇಲ್ 1993ರಲ್ಲಿ ಉಳಿದ ಕಟ್ಟುಪಾಡುಗಳನ್ನು ಕಿತ್ತುಹಾಕಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 1999ರಲ್ಲಿ ಸೋತ ಬ್ರಿಟನ್ ಮರುವರ್ಷದ ಜನವರಿಯಲ್ಲಿ ನಿಷೇಧ ಹಿಂತೆಗೆದುಕೊಂಡಿತು. ಈ ಯಾವ ದೇಶದ ಸೈನ್ಯವೂ ಅದರಿಂದ ಕುಸಿಯಲಿಲ್ಲ.

ನಷ್ಟವಾದದ್ದು ನಿಷೇಧವನ್ನು ಇಟ್ಟುಕೊಂಡವರಿಗೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದ ಸೈನ್ಯಕ್ಕೆ ಅರಬ್ಬಿ ಭಾಷೆ ಬಲ್ಲವರ ತೀವ್ರ ಅಭಾವವಿತ್ತು. ಅಂಥ ಸಮಯದಲ್ಲಿ, 2002ರಲ್ಲಿ, ಮಾಂಟೆರೇ ನಗರದ ಸೈನಿಕ ಭಾಷಾ ಶಾಲೆಯಲ್ಲಿ ಅರಬ್ಬಿ ಕಲಿಯುತ್ತಿದ್ದವರನ್ನೂ ಸಲಿಂಗಕಾಮಿಗಳೆಂಬ ಕಾರಣಕ್ಕೆ ಹೊರಹಾಕಲಾಯಿತು! ಲೆಕ್ಕಪರಿಶೋಧನಾ ಕಚೇರಿಯ 2005ರ ವರದಿಯಂತೆ, ಹತ್ತು ವರ್ಷಗಳಲ್ಲಿ ವಜಾ ಆದವರ ಜಾಗಕ್ಕೆ ಹೊಸಬರನ್ನು ಭರ್ತಿ ಮಾಡಿ ತರಬೇತಿ ಕೊಡಲು ತಗಲಿದ ಖರ್ಚು ಸುಮಾರು 19 ಕೋಟಿ ಡಾಲರ್. ಹೊರಬಿದ್ದವರಲ್ಲಿ 322 ಮಂದಿಗೆ ಸೈನ್ಯಕ್ಕೆ ಮುಖ್ಯವಾದ ವಿದೇಶಿ ಭಾಷೆಗಳು ಬರುತ್ತಿದ್ದವು. ಅವರಲ್ಲಿ 54 ಜನ ಅರಬ್ಬಿ ಬಲ್ಲವರು.

ಮಸೂದೆ ಬಂತು, ಸಾಲು ಹೋಯಿತು

ಅದೇ 2005ರ ಮಾರ್ಚ್‌ನಲ್ಲಿ ಮಾರ್ಟಿ ಮೀಹನ್ ಎಂಬ ಸದಸ್ಯರು ಪ್ರತಿನಿಧಿ ಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಹೆಸರು 'ಮಿಲಿಟರಿ ರೆಡಿನೆಸ್ ಎನ್‌ಹಾನ್ಸ್‌ಮೆಂಟ್ ಆಕ್ಟ್', ಅಂದರೆ ಸೈನ್ಯದ ಸನ್ನದ್ಧತೆಯನ್ನು ಹೆಚ್ಚಿಸುವ ಕಾಯಿದೆ. ಹಕ್ಕು, ಸಮಾನತೆ ಎಂಬ ಪದಗಳು ಆ ಹೆಸರಿನಲ್ಲಿ ಇರಲಿಲ್ಲ. ಯುದ್ಧದ ಸಮಯದಲ್ಲಿ ಯಾವ ಮಾತಿಗೆ ಕಿವಿಗಳು ತೆರೆಯುತ್ತವೆ ಎಂಬುದನ್ನು ಮಂಡಿಸಿದವರು ಬಲ್ಲವರಾಗಿದ್ದರು.

ಮಸೂದೆಯಲ್ಲಿ ಮುಖ್ಯವಾಗಿ ಮೂರು ಅಂಶಗಳಿದ್ದವು. ಒಂದು, 1993ರ ಕಾನೂನನ್ನು ರದ್ದುಮಾಡುವುದು. ಎರಡು, ಲೈಂಗಿಕ ಒಲವಿನ ಆಧಾರದ ಮೇಲೆ ಸೈನಿಕರ ಬಗ್ಗೆ ಅಥವಾ ಸೈನ್ಯಕ್ಕೆ ಸೇರಬಯಸುವವರ ಬಗ್ಗೆ ತಾರತಮ್ಯ ಮಾಡುವುದನ್ನು ನಿಷೇಧಿಸುವುದು. ಮೂರು, ಹಿಂದೆ ವಜಾ ಆದವರಿಗೆ ಮತ್ತೆ ಸೇರಲು ಅವಕಾಶ ಕೊಡುವುದು. ಶಿಸ್ತಿನ ನಿಯಮಗಳು ಎಲ್ಲರಿಗೂ ಒಂದೇ ಆಗಿದ್ದರೆ ಅವಕ್ಕೆ ಈ ಮಸೂದೆ ಅಡ್ಡಿಯಲ್ಲ ಎಂದೂ ಸ್ಪಷ್ಟಪಡಿಸಲಾಗಿತ್ತು.

2005ರಲ್ಲಿ ಮಸೂದೆ ಮುಂದೆ ಸಾಗಲಿಲ್ಲ. 2007ರಲ್ಲಿ ಮತ್ತೆ ಬಂತು, ಆಗಲೂ ಅಷ್ಟೇ. 2009ರಲ್ಲಿ ಎಲೆನ್ ಟಾಶರ್ ಮೂರನೆಯ ಸಲ ಮಂಡಿಸಿದರು. ಅವರು ವಿದೇಶಾಂಗ ಇಲಾಖೆಗೆ ಹೋದಾಗ ಹೊಣೆ ಹೊತ್ತವರು ಪ್ಯಾಟ್ರಿಕ್ ಮರ್ಫಿ, ಇರಾಕ್ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು. ರಣರಂಗ ಕಂಡವರೇ ಕೇಳುವಾಗ ಇವರಿಗೇನು ಗೊತ್ತು ಎನ್ನುವುದು ಕಷ್ಟವಾಯಿತು. 2010ರ ಫೆಬ್ರವರಿ 2ರಂದು ಸೈನ್ಯದ ಅತ್ಯುನ್ನತ ಅಧಿಕಾರಿ ಅಡ್ಮಿರಲ್ ಮೈಕ್ ಮಲ್ಲನ್ ಸೆನೆಟ್ ಸಮಿತಿಯ ಮುಂದೆ ಹಾಜರಾದರು. ದೇಶವನ್ನು ಕಾಯಲು ಬಂದ ಯುವಕ ಯುವತಿಯರು ತಾವು ಯಾರೆಂಬುದರ ಬಗ್ಗೆ ಸುಳ್ಳು ಹೇಳಬೇಕಾಗಿರುವುದು ತಮ್ಮನ್ನು ಕಾಡುತ್ತದೆ ಎಂದರು.

ಗಾಳಿ ಬದಲಾಗಿತ್ತು. ಹಾಗೆಂದು ಮತಗಳು ತಾವಾಗಿ ಬರಲಿಲ್ಲ. ಹಿಂಜರಿಯುತ್ತಿದ್ದ ಸದಸ್ಯರನ್ನು ಒಲಿಸಲು 2010ರ ಮೇ ತಿಂಗಳಿನಲ್ಲಿ ಒಂದು ಒಪ್ಪಂದವಾಯಿತು. 1993ರ ಕಾನೂನನ್ನು ರದ್ದುಮಾಡುವ ಭಾಗ ಉಳಿಯಿತು. ತಾರತಮ್ಯವನ್ನು ನಿಷೇಧಿಸುವ ಭಾಗವನ್ನು ಕೈಬಿಡಲಾಯಿತು. ಮುಂದಿನ ನಿಯಮಗಳೇನಿದ್ದರೂ ರಕ್ಷಣಾ ಇಲಾಖೆಗೆ ಬಿಟ್ಟದ್ದು ಎಂದಾಯಿತು.

ಆ ವರ್ಷದ ನವೆಂಬರ್ 30ರಂದು ಪೆಂಟಗಾನ್ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ ಪ್ರಕಟಿಸಿತು. ಸುಮಾರು 1,15,000 ಸೈನಿಕರು ಉತ್ತರಿಸಿದ್ದರು. ನಿಷೇಧ ಹೋದರೆ ಒಳ್ಳೆಯದಾಗುತ್ತದೆ, ಮಿಶ್ರ ಪರಿಣಾಮವಾಗುತ್ತದೆ ಅಥವಾ ಏನೂ ಆಗುವುದಿಲ್ಲ ಎಂದವರು ನೂರಕ್ಕೆ 70. ಸಲಿಂಗಕಾಮಿ ಎಂದು ತಾವು ತಿಳಿದವರ ಜೊತೆ ಕೆಲಸ ಮಾಡಿದ್ದವರಲ್ಲಿ ನೂರಕ್ಕೆ 92 ಮಂದಿಗೆ ತಮ್ಮ ತುಕಡಿಯ ಹೊಂದಾಣಿಕೆಯ ಬಗ್ಗೆ ದೂರಿರಲಿಲ್ಲ. ಹೆದರಿಕೆ ಹೆಚ್ಚಿದ್ದದ್ದು ಮೆರೀನ್ ದಳದ ಕಾದಾಡುವ ತುಕಡಿಗಳಲ್ಲಿ.

ಪ್ರತಿನಿಧಿ ಸಭೆ ಡಿಸೆಂಬರ್ 15ರಂದು 250-175 ಮತಗಳಿಂದ, ಸೆನೆಟ್ 18ರಂದು 65-31 ಮತಗಳಿಂದ ಮಸೂದೆಯನ್ನು ಒಪ್ಪಿದವು. ಅಧ್ಯಕ್ಷ ಬರಾಕ್ ಒಬಾಮ 22ರಂದು ಸಹಿ ಹಾಕಿದರು. 2011ರ ಸೆಪ್ಟೆಂಬರ್ 20ರಂದು 'ಕೇಳಬೇಡ, ಹೇಳಬೇಡ' ಕೊನೆಗೊಂಡಿತು. ಸಾವಿರಾರು ಜನ ನಿಟ್ಟುಸಿರು ಬಿಟ್ಟರು. ಬಿಟ್ಟುಹೋದ ಸಾಲಿನ ನೆನಪು ಆ ಸಂಭ್ರಮದಲ್ಲಿ ಹೆಚ್ಚು ಮಂದಿಗೆ ಬರಲಿಲ್ಲ.

ಆಜ್ಞೆಯ ಉಯ್ಯಾಲೆ

ಆ ಸಾಲು ಇಲ್ಲದಿದ್ದರೆ ಏನಾಗುತ್ತದೆ? ಅಮೆರಿಕದಲ್ಲಿ ನೌಕರಿಯ ತಾರತಮ್ಯವನ್ನು ತಡೆಯುವ ಮುಖ್ಯ ಕಾನೂನು 1964ರ ನಾಗರಿಕ ಹಕ್ಕುಗಳ ಕಾಯಿದೆ. ಸಮವಸ್ತ್ರ ತೊಟ್ಟ ಸೈನಿಕರಿಗೆ ಅದರ ನೌಕರಿಯ ಭಾಗ ಅನ್ವಯಿಸದು ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಅಂಗಡಿಯ ಗುಮಾಸ್ತನಿಗೆ ಇರುವ ರಕ್ಷಣೆ ಗಡಿ ಕಾಯುವವನಿಗೆ ಇಲ್ಲ. ಅವನಿಗಿರುವುದು ಇಲಾಖೆಯ ನಿಯಮ. ರಕ್ಷಣಾ ಕಾರ್ಯದರ್ಶಿ ಆ್ಯಶ್ ಕಾರ್ಟರ್ ಸಮಾನ ಅವಕಾಶದ ನಿಯಮಕ್ಕೆ ಲೈಂಗಿಕ ಒಲವನ್ನು ಸೇರಿಸಿದ್ದು 2015ರ ಜೂನಿನಲ್ಲಿ, ಎಂದರೆ ನಿಷೇಧ ಹೋಗಿ ಸುಮಾರು ನಾಲ್ಕು ವರ್ಷಗಳ ಮೇಲೆ. ಅದೂ ಇಲಾಖೆಯ ಆದೇಶವೇ. ಒಬ್ಬ ಕಾರ್ಯದರ್ಶಿ ಬರೆದದ್ದನ್ನು ಇನ್ನೊಬ್ಬ ಕಾರ್ಯದರ್ಶಿ ಅಳಿಸಬಹುದು.

ಆದೇಶಗಳನ್ನೇ ನಂಬಿದವರ ಪಾಡೇನು ಎಂಬುದನ್ನು ತಿಳಿಯಲು ಟ್ರಾನ್ಸ್‌ಜೆಂಡರ್ ಸೈನಿಕರ ಕಥೆಯನ್ನು ನೋಡಬೇಕು. ಇವರ ಮೇಲಿನ ನಿಷೇಧ ಇದ್ದದ್ದು ವೈದ್ಯಕೀಯ ನಿಯಮಗಳಲ್ಲಿ. ಆದ್ದರಿಂದ 2010ರ ಕಾನೂನು ಇವರನ್ನು ಮುಟ್ಟಲೇ ಇಲ್ಲ. ಮೀಹನ್ ಅವರ ಮಸೂದೆಯಲ್ಲೂ ಇವರ ಮಾತಿರಲಿಲ್ಲ. 2016ರ ಜೂನ್ 30ರಂದು ಕಾರ್ಟರ್ ಆ ನಿಷೇಧವನ್ನು ತೆಗೆದರು. ಹೆದರಿ ಬಚ್ಚಿಟ್ಟುಕೊಂಡವರು ಸರ್ಕಾರವನ್ನು ನಂಬಿ ಮುಂದೆ ಬಂದು ಹೆಸರು ಬರೆಸಿದರು. ಸರಿಯಾಗಿ ಒಂದು ವರ್ಷ ಕಳೆದು ಕೆಲವೇ ದಿನಗಳಲ್ಲಿ, 2017ರ ಜುಲೈ 26ರಂದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಇವರಿಗೆ ಸೈನ್ಯದಲ್ಲಿ ಜಾಗವಿಲ್ಲ ಎಂದು ಟ್ವಿಟರಿನಲ್ಲಿ ಸಾರಿದರು. ಟ್ರೂಮನ್ ಆಜ್ಞೆ ಹೊರಡಿಸಿದ್ದೂ ಜುಲೈ 26ರಂದೇ! ನ್ಯಾಯಾಲಯಗಳ ಅಡೆತಡೆ ದಾಟಿ 2019ರ ಏಪ್ರಿಲ್‌ನಲ್ಲಿ ನಿರ್ಬಂಧಗಳು ಜಾರಿಗೆ ಬಂದವು. 2021ರ ಜನವರಿ 25ರಂದು ಅಧ್ಯಕ್ಷ ಜೋ ಬೈಡನ್ ಅವನ್ನು ರದ್ದುಮಾಡಿದರು. ಮತ್ತೆ ಅಧಿಕಾರಕ್ಕೆ ಬಂದ ಟ್ರಂಪ್ 2025ರ ಜನವರಿ 27ರಂದು ಇನ್ನೊಂದು ಆಜ್ಞೆ ಹೊರಡಿಸಿದರು. ಮೇ 6ರಂದು ಸುಪ್ರೀಂ ಕೋರ್ಟ್, ಮೊಕದ್ದಮೆ ಮುಗಿಯುವ ತನಕ ನಿಷೇಧವನ್ನು ಜಾರಿಗೊಳಿಸಬಹುದು ಎಂದಿತು.

ಒಂಬತ್ತು ವರ್ಷಗಳಲ್ಲಿ ನಾಲ್ಕು ಸಲ ತಿರುವುಮುರುವು. ಆ ಮೊಕದ್ದಮೆ ಹೂಡಿದವರಲ್ಲಿ ಒಬ್ಬರು ನೌಕಾಪಡೆಯ ಪೈಲಟ್ ಎಮಿಲಿ ಶಿಲ್ಲಿಂಗ್. ಅರವತ್ತು ಯುದ್ಧ ಹಾರಾಟಗಳನ್ನು ನಡೆಸಿದವರು. ಅವರ ಕಣ್ಣು, ಕೈ, ಬುದ್ಧಿ ನಿನ್ನೆ ಇದ್ದಂತೆಯೇ ಇಂದೂ ಇವೆ. ಬದಲಾದದ್ದು ಮೇಜಿನ ಮೇಲಿನ ಕಾಗದ.

ಸರ್ಕಾರದ ವಾದವೇನೆಂದರೆ ಇದು ತಾರತಮ್ಯವಲ್ಲ, ವೈದ್ಯಕೀಯ ಅರ್ಹತೆಯ ಪ್ರಶ್ನೆ. ಸೈನ್ಯ ಎಂದಮೇಲೆ ಆಯ್ಕೆ ಇದ್ದೇ ಇರುತ್ತದೆ. ಎತ್ತರ, ತೂಕ, ದೃಷ್ಟಿ, ವಯಸ್ಸು ಎಲ್ಲವನ್ನೂ ಅಳೆಯುತ್ತಾರೆ. ಕಾನೂನು ಮಾಡಿದರೆ ಪ್ರತಿಯೊಬ್ಬರೂ ಕೋರ್ಟಿಗೆ ಹೋಗುತ್ತಾರೆ, ದಂಡನಾಯಕನ ಕೈ ಕಟ್ಟಿಹಾಕಿದಂತಾಗುತ್ತದೆ ಎಂಬುದು ಅವರ ಆತಂಕ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಂಪು ಹಸಿರು ಗುರುತಿಸಲಾಗದವನಿಗೆ ವಿಮಾನ ಕೊಡದಿದ್ದರೆ ಅದು ಅನ್ಯಾಯವಲ್ಲ, ಏಕೆಂದರೆ ಆ ಕೊರತೆಗೂ ಕೆಲಸಕ್ಕೂ ನೇರ ಸಂಬಂಧವಿದೆ. ಪರೀಕ್ಷೆ ಒಬ್ಬೊಬ್ಬರಿಗೂ ನಡೆಯುತ್ತದೆ. ವಿಮಾನ ಹಾರಿಸಿ ತೋರಿಸಿದವರನ್ನು ಗುಂಪಿನ ಹೆಸರಿನಲ್ಲಿ ಕೆಳಗಿಳಿಸಿದರೆ ಅಲ್ಲಿ ಅಳತೆಯಾದದ್ದು ಅರ್ಹತೆಯಲ್ಲ. ತಾರತಮ್ಯ ನಿಷೇಧದ ಕಾನೂನು ಕೇಳುವುದೂ ಇಷ್ಟನ್ನೇ: ಅಳೆಯಿರಿ, ಕೆಲಸಕ್ಕೆ ಸಂಬಂಧಪಟ್ಟದ್ದನ್ನು ಅಳೆಯಿರಿ, ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯಿರಿ.

ನಮ್ಮಲ್ಲಿ

ನಮ್ಮ ಸಂವಿಧಾನದ 33ನೇ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗಕಾಮ ಅಪರಾಧವಲ್ಲ ಎಂದು ತೀರ್ಪಿತ್ತ ಕೆಲವೇ ತಿಂಗಳಿಗೆ, ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೈನ್ಯದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದರು. ಮಹಿಳಾ ಅಧಿಕಾರಿಗಳ ಕಾಯಂ ನೇಮಕದ ವಿಷಯದಲ್ಲಿ ಮಾತ್ರ 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಮಾತಾಡಿತು. ಹೆಣ್ಣಿನ ದೇಹಬಲ, ಸಂಸಾರ ಎಂಬ ಸರ್ಕಾರದ ವಾದಗಳು ಹಳೆಯ ಪೂರ್ವಗ್ರಹಗಳೆಂದು ತಳ್ಳಿಹಾಕಿತು. ಅಲ್ಲಿಯಂತೆ ಇಲ್ಲಿಯೂ ಅಳತೆಗೋಲಿನದೇ ಪ್ರಶ್ನೆ.

ಅಮೆರಿಕದಲ್ಲಿ ಬಿಟ್ಟುಹೋದ ಸಾಲನ್ನು ಮತ್ತೆ ಸೇರಿಸುವ ಪ್ರಯತ್ನ ನಿಂತಿಲ್ಲ. 2025ರಲ್ಲಿ ವಿರೋಧ ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ಸದಸ್ಯರು ಲಿಂಗತ್ವದ ಆಧಾರದ ಮೇಲೆ ಸೈನ್ಯದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುವ 'ಫಿಟ್ ಟು ಸರ್ವ್' ಎಂಬ ಮಸೂದೆಯನ್ನು ಮಂಡಿಸಿದರು. ವಿರೋಧ ಪಕ್ಷದ ಮಸೂದೆ ಸುಲಭವಾಗಿ ಪಾಸಾಗುವುದಿಲ್ಲ. ಮೀಹನ್ ಅವರ ಮಸೂದೆ ಕೂಡ ಮೊದಲ ಸಲ ಬಂದಾಗ ಹಾಗೆಯೇ ಇತ್ತು.

ಮ್ಯಾಟ್ಲೊವಿಚ್ ಅವರ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ. 1980ರಲ್ಲಿ ನ್ಯಾಯಾಲಯ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಆದೇಶಿಸಿತ್ತು. ಐದು ವರ್ಷ ಹೋರಾಡಿ ಗೆದ್ದವರು ಸಮವಸ್ತ್ರ ತೊಡಲಿಲ್ಲ. 1,60,000 ಡಾಲರ್ ಪರಿಹಾರ ಪಡೆದು ಹಿಂದೆ ಸರಿದರು. ತಾವು ಸೇರಿದರೆ ವಾಯುಪಡೆ ಇನ್ನೇನಾದರೂ ನೆಪ ಹುಡುಕಿ ಹೊರಗೆ ಹಾಕುತ್ತದೆ ಎಂಬುದು ಅವರಿಗೆ ಖಚಿತವಾಗಿತ್ತು. ಕೈಯಲ್ಲಿ ತೀರ್ಪಿತ್ತು. ಆ ತೀರ್ಪನ್ನು ಮುಂದೆಯೂ ಕಾಯುವ ಕಾನೂನು ಇರಲಿಲ್ಲ.